ಹೀದರ್ ಬಯಲಿನಲ್ಲಿ ಉಗಿಬಂಡಿ: ಏರು, ಗಾಳಿ, ಬಿಸಿಲು ನೋಡಿ ನಿಲ್ಲುವ ಜಾಗ

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದವನು, ಕೆಲಸದ ನಿಮಿತ್ತ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದೇನೆ. ಕಳೆದ ಆಗಸ್ಟ್ ತಿಂಗಳಲ್ಲಿ ನಾರ್ತ್ ಯಾರ್ಕ್‌ಷೈರ್ ಮೂರ್ಸ್ ರೈಲ್ವೆಯ ಉಗಿಬಂಡಿಗಳ ಚಿತ್ರ ತೆಗೆಯಲು ಹೋಗಿದ್ದೆ. ಹೀದರ್ ಎಂಬ ಕುರುಚಲು ಗಿಡ ಹೂಬಿಟ್ಟು ಬೆಟ್ಟವೆಲ್ಲ ನೇರಳೆಯಾಗಿತ್ತು. ಆದರೆ ಎಂಜಿನ್ನಿನಿಂದ ಉಗಿ ಬರುವುದೇ ಕಾಣಲಿಲ್ಲ, ಎಂಜಿನ್ ಕಪ್ಪು ಮುದ್ದೆಯಾಗಿ ಬಂದಿತು, ಹಲವು ಚಿತ್ರಗಳಲ್ಲಿ ಬಯಲಿಗಿಂತ ಮರಗಳೇ ಹೆಚ್ಚಾಗಿವೆ. ನನ್ನಲ್ಲಿ ಫುಲ್ ಫ್ರೇಮ್ ಕ್ಯಾಮೆರಾ, 24–70 ಮತ್ತು 70–200 ಮಿ.ಮೀ. ಲೆನ್ಸುಗಳಿವೆ. ಎಲ್ಲಿ, ಯಾವಾಗ, ಹೇಗೆ ನಿಲ್ಲಬೇಕು? ಮೇಲಿನಿಂದ ತೆಗೆಯಲು ಡ್ರೋನ್ ಕೊಳ್ಳಬಹುದೇ?

ಉತ್ತರ: ನೀವು ಹೇಳಿರುವ ಮೂರು ತೊಂದರೆಗಳಿಗೂ ಕ್ಯಾಮೆರಾ ಕಾರಣವಲ್ಲ, ಲೆನ್ಸುಗಳೂ ಅಲ್ಲ, ಇರುವ ಸಲಕರಣೆ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಊಹಿಸುವುದಾದರೆ, ನೀವು ಮೊದಲು ಚೆಂದದ ನೋಟವೊಂದನ್ನು ಹುಡುಕಿಕೊಂಡು, ಅಲ್ಲಿ ನಿಂತು ಗಾಡಿ ಬರಲೆಂದು ಕಾದಿದ್ದೀರಿ. ಉಗಿಬಂಡಿಯ ವಿಷಯದಲ್ಲಿ ಈ ಕ್ರಮವನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಎಲ್ಲಿ ಹೆಚ್ಚು ದುಡಿಯುತ್ತದೆ, ಆ ಹೊತ್ತಿಗೆ ಗಾಳಿ ಎತ್ತಲಿಂದ ಬೀಸುತ್ತದೆ, ಬಿಸಿಲು ಎಂಜಿನ್ನಿನ ಯಾವ ಮಗ್ಗುಲಿಗೆ ಬೀಳುತ್ತದೆ ಎಂಬ ಮೂರನ್ನು ಮೊದಲು ನಿರ್ಧರಿಸಿಕೊಂಡು, ಆ ಮೂರೂ ಕೂಡಿಬರುವ ಜಾಗಗಳಲ್ಲಿ ಚೆಂದವಾದದ್ದನ್ನು ಆರಿಸಬೇಕು. ಈ ಮಾರ್ಗದ ಮಟ್ಟಿಗೆ ಅದು ಹೇಗೆಂದು ವಿವರಿಸುತ್ತೇನೆ.

ಮೊದಲು ಮರಗಳ ಪ್ರಶ್ನೆ. ಹೆಸರಿನಲ್ಲಿ ಮೂರ್ಸ್ (ಮರಗಳಿಲ್ಲದ ಎತ್ತರದ ಬಯಲು) ಎಂದಿದ್ದರೂ ಈ ಹಳಿ ಬಹುಪಾಲು ಬಯಲಿನ ಮೇಲೆ ಓಡುವುದಿಲ್ಲ, ಬಯಲಿನ ನಡುವೆ ಕೊರೆದ ಕಣಿವೆಯ ತಳದಲ್ಲಿ ಓಡುತ್ತದೆ. ದಕ್ಷಿಣ ತುದಿಯ ಪಿಕರಿಂಗ್‌ನಿಂದ ಉತ್ತರ ತುದಿಯ ಗ್ರೋಸ್‌ಮಾಂಟ್‌ವರೆಗೆ ಸುಮಾರು 29 ಕಿಲೋಮೀಟರ್ ದೂರ. ಕೆಲವು ಗಾಡಿಗಳು ಅಲ್ಲಿಂದ ಸಾರ್ವಜನಿಕ ರೈಲುಜಾಲದ ಹಳಿ ಹಿಡಿದು ವಿಟ್ಬಿ ಬಂದರಿನವರೆಗೂ ಹೋಗುತ್ತವೆ. ರೈಲ್ವೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಈ ಮಾರ್ಗವನ್ನು ರೂಪಿಸಿದ್ದು ಕುದುರೆಗಳು ಎಳೆಯುವ ಬಂಡಿಗಳಿಗಾಗಿ, ಅದು ಪೂರ್ತಿಯಾಗಿ ತೆರೆದದ್ದು 1836ರಲ್ಲಿ. ಕುದುರೆಗೆ ಏರು ಆಗದಾದ್ದರಿಂದ ಹಳಿಯನ್ನು ಸಾಧ್ಯವಾದಷ್ಟೂ ಕಣಿವೆಯ ತಳದಲ್ಲೇ ಹಾಯಿಸಿದರು. ಹೀಗೆ ಸಿಕ್ಕಿದ ದಾರಿಯೇ ನ್ಯೂಟನ್‌ಡೇಲ್, ಹಿಮಯುಗದ ಕೊನೆಯಲ್ಲಿ ಕರಗುನೀರು ಕೊರೆದ ಕಡಿದಾದ ಕಣಿವೆ. ಲೆವಿಶಮ್ ನಿಲ್ದಾಣದಿಂದ ಉತ್ತರಕ್ಕೆ ಮೈಲುಗಟ್ಟಲೆ ಅದರ ಇಕ್ಕೆಲಗಳಲ್ಲಿ ಕಾಡು ಬೆಳೆದಿದೆ, ಪಶ್ಚಿಮದ ಕಡೆ ನೆಟ್ಟು ಬೆಳೆಸಿದ ಕ್ರಾಪ್ಟನ್ ಅರಣ್ಯವೂ ಸೇರಿದೆ. ಉಗಿ ಎಂಜಿನ್ನುಗಳು ನಿತ್ಯ ಓಡುತ್ತಿದ್ದ ಕಾಲದಲ್ಲಿ ಕಿಡಿ ಹಾರಿ ಬೆಂಕಿ ಹತ್ತದಿರಲೆಂದು ಹಳಿಯಂಚಿನ ಪೊದೆಗಳನ್ನು ಆಗಾಗ ಕಡಿಯುತ್ತಿದ್ದರು. ಹಳೆಯ ಕಪ್ಪು–ಬಿಳುಪು ಚಿತ್ರಗಳಲ್ಲಿ ಬಯಲಾಗಿ ಕಾಣುವ ಎಷ್ಟೋ ತಾಣಗಳು ಈಗ ಎಲೆಗಳ ಹಿಂದೆ ಮುಚ್ಚಿಹೋಗಿವೆ. ಆ ಚಿತ್ರಗಳನ್ನು ನಂಬಿಕೊಂಡು ಜಾಗ ಹುಡುಕುವುದು ವ್ಯರ್ಥ.

ಹೀಗಾಗಿ ನಿಮಗೆ ಎರಡೇ ದಾರಿಗಳಿವೆ. ಹಳಿಯೇ ಬಯಲಿಗೆ ಏರಿ ಬರುವ ಸ್ವಲ್ಪ ದೂರದಲ್ಲಿ, ಎಂದರೆ ಗೋತ್‌ಲ್ಯಾಂಡ್ ಆಚೆಗಿನ ಮೂರ್‌ಗೇಟ್ಸ್, ಎಲ್ಲರ್‌ಬೆಕ್, ಫೆನ್ ಬಾಗ್ ಸುತ್ತಮುತ್ತ ನಿಲ್ಲಬಹುದು. ಇಲ್ಲವಾದರೆ ಕಣಿವೆಯ ಅಂಚಿಗೆ ನಡೆದುಹೋಗಿ, ಬಯಲಿನ ಮೇಲಿನಿಂದ ಕೆಳಗಿನ ಗಾಡಿಯನ್ನು ನೋಡಬಹುದು. ನಿಲ್ದಾಣದ ಸುತ್ತ ಒಂದು ಫರ್ಲಾಂಗಿನೊಳಗೆ ಬಯಲಿನ ಚಿತ್ರ ಸಿಗಬೇಕೆಂದು ಬಯಸುವವರಿಗೆ ಈ ಮಾರ್ಗ ಒಗ್ಗುವುದಿಲ್ಲ.

ಈಗ ಏರಿನ ವಿಚಾರ. ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಬಾಯ್ಲರಿನ ಉಗಿ ಸಿಲಿಂಡರುಗಳಲ್ಲಿ ಕೆಲಸ ಮುಗಿಸಿ ಬ್ಲಾಸ್ಟ್‌ಪೈಪ್ ಮೂಲಕ ರಭಸದಿಂದ ಹೊರಬೀಳುತ್ತದೆ. ಆ ರಭಸವೇ ಬೆಂಕಿಗೂಡಿನ ಗಾಳಿಯನ್ನು ಸೆಳೆದು, ಹೊಗೆಯನ್ನೂ ತನ್ನೊಡನೆ ಹೊಗೆಕೊಳವೆಯ ಮೂಲಕ ಮೇಲಕ್ಕೆ ಎಸೆಯುತ್ತದೆ. ಚಾಲಕರು ಉಗಿ ಬಿಡುವ ಕವಾಟವಾದ ರೆಗ್ಯುಲೇಟರ್ ಮುಚ್ಚಿದರೆಂದರೆ ಸಿಲಿಂಡರಿಗೆ ಉಗಿ ಹೋಗುವುದಿಲ್ಲ, ಬ್ಲಾಸ್ಟ್ ಇರುವುದಿಲ್ಲ; ಗಾಡಿ ತನ್ನ ತೂಕದಿಂದಲೇ ಇಳಿಜಾರಿನಲ್ಲಿ ಜಾರುತ್ತಿರುತ್ತದೆ. ಇಳಿಯುವ ಗಾಡಿಯನ್ನು ಎಷ್ಟೇ ಚೆನ್ನಾದ ಬೆಳಕಿನಲ್ಲಿ ತೆಗೆದರೂ ಅದು ನಿಂತ ಗಾಡಿಯ ಹಾಗೆ ಕಾಣುವುದು ಇದರಿಂದ.

ಈ ಮಾರ್ಗದ ನೆತ್ತಿ ಇರುವುದು ಎಲ್ಲರ್‌ಬೆಕ್ ಬಳಿ. ಗ್ರೋಸ್‌ಮಾಂಟ್‌ನಿಂದ ದಕ್ಷಿಣಕ್ಕೆ ಹೊರಟ ಗಾಡಿ ಅಲ್ಲಿಯವರೆಗೆ ಏರುತ್ತದೆ, ಆಚೆ ಪಿಕರಿಂಗ್‌ವರೆಗೂ ಇಳಿಯುತ್ತದೆ. ಪಿಕರಿಂಗ್‌ನಿಂದ ಉತ್ತರಕ್ಕೆ ಹೊರಟ ಗಾಡಿಯದು ಇದಕ್ಕೆ ತಿರುಗುಮುರುಗು. ಎಲ್ಲಕ್ಕಿಂತ ಕಡಿದಾದದ್ದು ಗ್ರೋಸ್‌ಮಾಂಟ್‌ನಿಂದ ಗೋತ್‌ಲ್ಯಾಂಡಿಗೆ ಹತ್ತುವ ಭಾಗ: ಪ್ರತಿ 49 ಅಡಿಗೆ 1 ಅಡಿ ಏರು. ಮೊದಲು ಅಲ್ಲಿ ಬೆಕ್ ಹೋಲ್ ಹಳ್ಳಿಯಿಂದ ಬಂಡಿಗಳನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆಳೆಯುವ ಇಳಿಜಾರು ಹಳಿಯಿತ್ತು. ಅದನ್ನು ತಪ್ಪಿಸಲು 1865ರಲ್ಲಿ ಹಾಕಿದ ಬಳಸುಹಳಿಯೇ ಈಗಿನ ಏರು. 1965ರಲ್ಲಿ ಮುಚ್ಚಿಹೋದ ಮಾರ್ಗವನ್ನು ಆಸಕ್ತರು ಉಳಿಸಿಕೊಂಡು 1973ರಲ್ಲಿ ಮತ್ತೆ ತೆರೆದಾಗ, ಛಾಯಾಗ್ರಾಹಕರಿಗೆ ಸಿಕ್ಕಿದ ದೊಡ್ಡ ಆಸ್ತಿಯೆಂದರೆ ಈ ಕೆಲವು ಮೈಲುಗಳೇ. ನೀಲಗಿರಿ ರೈಲಿನ ಚಿತ್ರ ತೆಗೆದು ಅಭ್ಯಾಸವಿರುವವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವಾಗ ಎಂಜಿನ್ ಹಿಂದಿನಿಂದ ಬೋಗಿಗಳನ್ನು ತಳ್ಳುತ್ತದೆ. ಯಾರ್ಕ್‌ಷೈರಿನಲ್ಲಿ ಎಂಜಿನ್ ಮುಂದಿನಿಂದ ಎಳೆಯುತ್ತದೆ, ಹಾಗಾಗಿ ದುಡಿಮೆಯ ಮುಖ ನೇರವಾಗಿ ನಿಮ್ಮ ಕಡೆಗೇ ಇರುತ್ತದೆ. ಆದರೆ ಎರಡು ತುದಿಗಳ ನಡುವೆ ಹೋಗಿಬರುವ ಎಂಜಿನ್ ಒಂದು ದಿಕ್ಕಿನಲ್ಲಿ ಹೊಗೆಕೊಳವೆ ಮುಂದಾಗಿಯೂ ಇನ್ನೊಂದರಲ್ಲಿ ಟೆಂಡರ್ (ಕಲ್ಲಿದ್ದಲು, ನೀರು ಹೊತ್ತ ಹಿಂಬಂಡಿ) ಮುಂದಾಗಿಯೂ ಓಡುವುದು ಪಾರಂಪರಿಕ ರೈಲುಗಳಲ್ಲಿ ಸಾಮಾನ್ಯ. ಅಂದು ಯಾವ ಎಂಜಿನ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಬೆಳಿಗ್ಗೆ ನಿಲ್ದಾಣದಲ್ಲೇ ನೋಡಿಕೊಂಡು ನಂತರ ಬೆಟ್ಟ ಹತ್ತಿರಿ.

ಏರಿನಲ್ಲಿಯೇ ನಿಂತಿದ್ದರೂ ಆಗಸ್ಟ್ ತಿಂಗಳ ಮಧ್ಯಾಹ್ನದಲ್ಲಿ ನಿಮಗೆ ಉಗಿ ಕಾಣದೆ ಹೋಗಬಹುದು. ಹೊಗೆಕೊಳವೆಯಿಂದ ಬರುವ ಬಿಳಿಯ ರಾಶಿ ಎಂದರೆ ತಂಪು ಗಾಳಿಗೆ ತಾಗಿ ಹನಿಗಟ್ಟಿದ ನೀರು. ಗಾಳಿ ಬೆಚ್ಚಗೂ ಒಣದಾಗಿಯೂ ಇದ್ದರೆ ಆ ಹನಿಗಳು ಕಟ್ಟುವಷ್ಟರಲ್ಲೇ ಆರಿಹೋಗುತ್ತವೆ. ಅದೇ ಎಂಜಿನ್, ಅದೇ ಏರು, ಅದೇ ಚಾಲಕರು ತಣ್ಣನೆಯ ತೇವದ ಬೆಳಗಿನಲ್ಲಿ ಇಡೀ ಗಾಡಿಯುದ್ದಕ್ಕೂ ಬಿಳಿಯ ಪಟ್ಟಿ ಹಾಸುತ್ತಾರೆ. ಕಪ್ಪು ಹೊಗೆ ಬೇರೆಯೇ ಸಂಗತಿ. ಅದು ಪೂರ್ತಿ ಉರಿಯದ ಕಲ್ಲಿದ್ದಲು. ಫೈರ್‌ಮನ್ ಹೊಸದಾಗಿ ಕಲ್ಲಿದ್ದಲು ಎಸೆದ ಕ್ಷಣದಲ್ಲಿ ಎದ್ದು, ಬೆಂಕಿ ಹತ್ತಿಕೊಂಡ ಮೇಲೆ ತಿಳಿಯಾಗುತ್ತದೆ. ಕಪ್ಪು ಹೊಗೆಯೇ ನಾಟಕೀಯವೆಂದು ಕೆಲವು ಛಾಯಾಗ್ರಾಹಕರು ಭಾವಿಸಿದ್ದಾರೆ. ಉರುವಲನ್ನು ವ್ಯರ್ಥ ಮಾಡದಿರುವುದೇ ಒಳ್ಳೆಯ ಫೈರ್‌ಮನ್ನಿನ ಕಸುಬುಗಾರಿಕೆಯಾದ್ದರಿಂದ, ಎಂಜಿನ್ನಿನ ಕೆಲಸ ಬಲ್ಲವರ ಕಣ್ಣಿಗೆ ಅಂತಹ ಚಿತ್ರ ಅಷ್ಟೇನೂ ಗೌರವದ್ದಾಗಿ ಕಾಣುವುದಿಲ್ಲ.

ಇಲ್ಲಿಯೇ ಈ ತಾಣದ ಮುಖ್ಯ ಇಕ್ಕಟ್ಟು ಇದೆ. ಹೀದರ್ ತುಂಬಾ ಅರಳುವುದು ಆಗಸ್ಟ್ ತಿಂಗಳಲ್ಲಿ, ಸೆಪ್ಟೆಂಬರ್ ಮೊದಲ ದಿನಗಳವರೆಗೆ. ಉಗಿ ಅತ್ಯಂತ ಕಡಿಮೆ ಕಾಣುವುದೂ ಅದೇ ಬೇಸಗೆಯಲ್ಲಿ. ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ಬಯಸುವುದನ್ನು ಬಿಟ್ಟುಬಿಡಿ ಎಂಬುದು ನನ್ನ ಖಚಿತ ಸಲಹೆ. ಹೂವೇ ಬೇಕೆಂದರೆ ಆಗಸ್ಟ್ ತಿಂಗಳಲ್ಲಿ ದಿನದ ಮೊದಲ ಗಾಡಿಗಳನ್ನಷ್ಟೇ ಗುರಿಯಾಗಿಸಿಕೊಳ್ಳಿ, ಇಲ್ಲವೇ ಮಳೆ ಸುರಿದು ಹೊಳವಾಗುವ ತಂಪು ದಿನಕ್ಕಾಗಿ ಕಾಯಿರಿ. ಬಿಸಿಲೇರಿದ ಮೇಲೆ ಉಗಿಯ ಆಸೆ ಬಿಟ್ಟು, ಗಾಡಿಯನ್ನು ಚಿಕ್ಕದಾಗಿಟ್ಟು ಬಯಲಿನ ಬಣ್ಣವನ್ನೇ ಚಿತ್ರದ ವಿಷಯವನ್ನಾಗಿ ಮಾಡಿಕೊಳ್ಳಿ. ಉಗಿಯೇ ಬೇಕೆಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಹೋಗಿ. ಹೀದರ್ ಆಗ ಕಂದುಬಣ್ಣಕ್ಕೆ ತಿರುಗಿರುತ್ತದೆ, ಆದರೆ ಇಳಿಜಾರುಗಳಲ್ಲಿ ಒಣಗಿದ ಬ್ರ್ಯಾಕನ್ ಜರಿಗಿಡ ತುಕ್ಕಿನ ಕೆಂಪು ತಾಳಿ, ಬಿಳಿ ಉಗಿಗೆ ನೇರಳೆಗಿಂತಲೂ ಒಳ್ಳೆಯ ಹಿನ್ನೆಲೆಯಾಗುತ್ತದೆ. ನನ್ನನ್ನು ಕೇಳಿದರೆ ಅಕ್ಟೋಬರ್ ತಿಂಗಳೇ ಮೇಲು. ಶರತ್ಕಾಲದ ಸ್ಟೀಮ್ ಗಾಲಾ, ಎಂದರೆ ಉಗಿಬಂಡಿಗಳ ಹಬ್ಬ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ನಡೆಯುತ್ತದೆ. ಆಗ ಗಾಡಿಗಳೂ ಎಂಜಿನ್ನುಗಳೂ ಹೆಚ್ಚು, ಬೆಟ್ಟದ ಮೇಲೆ ಮುಕ್ಕಾಲಿ ಹೊತ್ತವರೂ ಹೆಚ್ಚು.

ಬೇಸಗೆಯ ಇನ್ನೊಂದು ಅಪಾಯವೆಂದರೆ ಬೆಂಕಿ. ಹೀದರ್ ಕೆಳಗಿನ ಪೀಟ್ ಮಣ್ಣು (ಅರೆಕೊಳೆತ ಸಸ್ಯಗಳಿಂದಾದದ್ದು) ಒಣಗಿದಾಗ ಒಂದು ಕಿಡಿ ಸಾಕು, ನೆಲದೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. 2025ರ ಆಗಸ್ಟ್ ತಿಂಗಳಲ್ಲಿ ಇದೇ ರಾಷ್ಟ್ರೀಯ ಉದ್ಯಾನದ ಲ್ಯಾಂಗ್‌ಡೇಲ್ ಮೂರ್ ಪ್ರದೇಶದಲ್ಲಿ ಎದ್ದ ಕಾಡ್ಗಿಚ್ಚು ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಲೀಡ್ಸ್‌ನಲ್ಲಿದ್ದ ನೀವು ಸುದ್ದಿಯಲ್ಲಿ ಕಂಡಿರಬಹುದು. ಅದಕ್ಕೂ ರೈಲಿಗೂ ಸಂಬಂಧವಿಲ್ಲವಾದರೂ, ಒಣಹವೆಯಲ್ಲಿ ಪಾರಂಪರಿಕ ರೈಲುಗಳವರು ಉಗಿ ಎಂಜಿನ್ ಬಿಟ್ಟು ಡೀಸೆಲ್ ಎಂಜಿನ್ ಹಾಕುವುದು ಇಂತಹ ಭಯದಿಂದಲೇ. ಹೊರಡುವ ದಿನ ಬೆಳಿಗ್ಗೆ ರೈಲ್ವೆಯ ಪ್ರಕಟಣೆ ನೋಡದೆ ಬಸ್ ಹತ್ತಬೇಡಿ.

ಗಾಳಿಯ ಬಗ್ಗೆ ಹೊಸಬರು ಯೋಚಿಸುವುದೇ ಕಡಿಮೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಗಾಡಿಯ ಕಡೆಗೆ ಬೀಸುತ್ತಿದ್ದರೆ ಉಗಿ ಆಚೆ ಮಗ್ಗುಲಿಗೆ ಬಾಗಿ, ಬೋಗಿಗಳು ಸ್ವಚ್ಛವಾಗಿ ಕಾಣುತ್ತವೆ. ಗಾಡಿಯ ಕಡೆಯಿಂದ ನಿಮ್ಮತ್ತ ಬೀಸಿದರೆ ಅದೇ ಉಗಿ ಇಳಿದುಬಂದು ಎಂಜಿನ್ನಿನ ಹಿಂದಿನದನ್ನೆಲ್ಲ ನುಂಗಿಬಿಡುತ್ತದೆ. ಇನ್ನೂ ಸೂಕ್ಷ್ಮವಾದದ್ದು ಹಳಿಯ ಉದ್ದಕ್ಕೆ ಬೀಸುವ ಗಾಳಿ. ಗಾಡಿಯ ವೇಗದಷ್ಟೇ ವೇಗದಲ್ಲಿ ಹಿಂದಿನಿಂದ ಗಾಳಿ ಬಂದರೆ ಉಗಿ ಕಂಬದಂತೆ ನೆಟ್ಟಗೆ ಏಳುತ್ತದೆ; ಎದುರಿನಿಂದ ಬಂದರೆ ಬೋಗಿಗಳ ಚಾವಣಿಯ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಯಾರ್ಕ್‌ಷೈರಿನಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ನ್ಯೂಟನ್‌ಡೇಲ್ ಹಾಲ್ಟ್‌ನಿಂದ ಫೆನ್ ಬಾಗ್ ಕಡೆಗೆ ಈಶಾನ್ಯಕ್ಕೆ ಏರುವ ಗಾಡಿಗೆ ಅದು ಹಿಂದಿನ ಗಾಳಿ, ಗ್ರೋಸ್‌ಮಾಂಟ್‌ನಿಂದ ದಕ್ಷಿಣಕ್ಕೆ ಏರುವ ಗಾಡಿಗೆ ಎದುರುಗಾಳಿ. ಎತ್ತರದ ಉಗಿಕಂಬ ಬೇಕಾದವರು ಉತ್ತರಕ್ಕೆ ಹೋಗುವ ಗಾಡಿಯನ್ನೂ, ಉದ್ದಕ್ಕೆ ಹಾಸಿದ ಉಗಿ ಬೇಕಾದವರು ದಕ್ಷಿಣಕ್ಕೆ ಹೋಗುವುದನ್ನೂ ಆರಿಸಿಕೊಳ್ಳಬಹುದು. ಪೂರ್ವದ ಗಾಳಿ ಬೀಸಿದ ದಿನ ಮಾತ್ರ ಬೇರೆ ಲೆಕ್ಕ: ಉತ್ತರ ಸಮುದ್ರದ ಮಂಜು ಒಳನಾಡಿಗೆ ತೆವಳಿಬಂದು, ಮೇಲೆ ಬಿಸಿಲಿದ್ದರೂ ಗ್ರೋಸ್‌ಮಾಂಟ್ ಕಣಿವೆಯಲ್ಲಿ ಬೂದುಬಣ್ಣ ಕವಿದಿರುವುದುಂಟು. ಅಂತಹ ದಿನ ಎತ್ತರಕ್ಕೆ ಹೋಗುವುದೇ ಲೇಸು.

ಇನ್ನು ನಿಮ್ಮ ಕಪ್ಪು ಮುದ್ದೆ. ಈ ಮಾರ್ಗದಲ್ಲಿ ಆಗಾಗ ಕಾಣುವ ಬ್ಲ್ಯಾಕ್ ಫೈವ್ ಎಂಜಿನ್ನುಗಳಿಗೆ ಹೆಸರೇ ಬಣ್ಣ ಹೇಳುತ್ತದೆ. ಅಂತಹ ಎಂಜಿನ್ನಿನ ಚಕ್ರಗಳು, ಸಲಾಕೆಗಳು, ಕೆಳಭಾಗದ ಯಂತ್ರಾಂಗಗಳೆಲ್ಲ ಅಡ್ಡಪಟ್ಟಿಯೊಂದರ ಕೆಳಗಿರುತ್ತವೆ. ಸೂರ್ಯ ಮೇಲಿದ್ದಾಗ ಆ ಪಟ್ಟಿಯ ನೆರಳು ಎಲ್ಲದರ ಮೇಲೂ ಬೀಳುತ್ತದೆ. ನೀವು ಆಗಸ್ಟ್ ನಡುವಿನಲ್ಲಿ ಹೋಗಿದ್ದರೆ ಮಧ್ಯಾಹ್ನದ ಸೂರ್ಯ ಅಲ್ಲಿ ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಬ್ರಿಟಿಷ್ ಬೇಸಗೆಯ ಗಡಿಯಾರದಲ್ಲಿ ಸಂಜೆ 6ರ ವೇಳೆಗೆ 20 ಡಿಗ್ರಿಗೆ ಇಳಿಯುತ್ತಾನೆ, ಆದರೆ ಅಷ್ಟು ಹೊತ್ತಿಗೆ ಹೆಚ್ಚಿನ ಗಾಡಿಗಳು ಓಡಿ ಮುಗಿದಿರುತ್ತವೆ. ಅಕ್ಟೋಬರ್ ಕೊನೆಯಲ್ಲಾದರೋ ನಡುಹಗಲಿನಲ್ಲೇ ಸೂರ್ಯ 22–23 ಡಿಗ್ರಿಯಷ್ಟೇ ಏರುವುದರಿಂದ ದಿನವಿಡೀ ಓರೆಬೆಳಕು ಚಕ್ರಗಳ ಒಳಗೆಲ್ಲ ನುಗ್ಗುತ್ತದೆ. ಡಿಸೆಂಬರ್ 21ರ ನಡುಹಗಲಲ್ಲಿ ಅದು 12 ಡಿಗ್ರಿ ಮಾತ್ರ. ಅದೇ ದಿನ ಶಿವಮೊಗ್ಗದಲ್ಲಿ 52 ಡಿಗ್ರಿಗೂ ಮೇಲೆ. ನಮ್ಮ ಊರುಗಳಲ್ಲಿ ಬೆಳಗಿನ ಎಂಟಕ್ಕೇ ಮುಗಿದುಹೋಗುವ ಬೆಳಕು ಅಲ್ಲಿ ಚಳಿಗಾಲದಲ್ಲಿ ಹಗಲಿಡೀ ದೊರಕುತ್ತದೆ ಎಂಬುದನ್ನು ನೀವು ಲೀಡ್ಸ್‌ನ ರಸ್ತೆಗಳಲ್ಲೇ ಗಮನಿಸಿರಬಹುದು. ಆದರೆ ಆಳವಾದ ನ್ಯೂಟನ್‌ಡೇಲ್ ತಳಕ್ಕೆ ಆ ಓರೆ ಬಿಸಿಲು ತಲುಪುವುದೇ ಕಷ್ಟ. ಅಕ್ಟೋಬರ್ ತಿಂಗಳಲ್ಲಿ ಬೆಳಗಿನ ಮೊದಲ ಹೊತ್ತೂ ಮಧ್ಯಾಹ್ನದ ಕೊನೆಯ ಹೊತ್ತೂ ಹಳಿ ನೆರಳಿನಲ್ಲಿರುತ್ತದೆ.

ದಿಕ್ಕುಗಳನ್ನು ಕೂಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಗ್ರೋಸ್‌ಮಾಂಟ್‌ನಿಂದ ಗೋತ್‌ಲ್ಯಾಂಡಿಗೆ ಹಳಿ ಹೆಚ್ಚುಕಡಿಮೆ ದಕ್ಷಿಣಕ್ಕೆ ಹೋಗುತ್ತದೆ, ಆದ್ದರಿಂದ ಏರುವ ಎಂಜಿನ್ನಿನ ಮುಖಕ್ಕೆ ನಡುಹಗಲಿನಲ್ಲಿ ನೇರ ಬಿಸಿಲು. ಮಧ್ಯಾಹ್ನದ ನಂತರ ಹಳಿಯ ಪಶ್ಚಿಮಕ್ಕೆ ನಿಂತವರಿಗೆ ಲಾಭ. ಗೋತ್‌ಲ್ಯಾಂಡ್ ದಾಟಿದ ಮೇಲೆ ಫೆನ್ ಬಾಗ್‌ವರೆಗೆ ಆಗ್ನೇಯಕ್ಕೆ ತಿರುಗುವುದರಿಂದ ಅಲ್ಲಿ ಬೆಳಗಿನಿಂದ ನಡುಹಗಲಿನವರೆಗೆ ಮುಖಬೆಳಕು. ಈಶಾನ್ಯಕ್ಕೆ ಏರುವ ಗಾಡಿಗಳ ಮುಖಕ್ಕೆ ಬಿಸಿಲು ಸಿಗುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಸೂರ್ಯ ಅವುಗಳ ಬೆನ್ನಿಗೆ. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ: ಹಿಂಬೆಳಕಿನಲ್ಲಿ ಉಗಿ ಒಳಗಿನಿಂದಲೇ ಹೊತ್ತಿಕೊಂಡಂತೆ ಹೊಳೆಯುತ್ತದೆ, ಎಂಜಿನ್ ಕಪ್ಪಾಗಿ ಉಳಿದರೂ ಅದರ ಅಂಚುಗಳು ಬೆಳಗುತ್ತವೆ.

ಸ್ಥಳಗಳ ವಿಷಯಕ್ಕೆ ಬರುತ್ತೇನೆ. ಗೋತ್‌ಲ್ಯಾಂಡ್ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಸಿಗುವ ಡಾರ್ನ್‌ಹೋಮ್ ಮೊದಲು ನೋಡಬೇಕಾದದ್ದು. ಅಲ್ಲಿನ ಇಳಿಜಾರಿನ ಕಾಲುದಾರಿಯಿಂದ 49ಕ್ಕೆ 1ರ ಏರಿನ ಕೊನೆಯ ಭಾಗ ಕೆಳಗೆ ಕಾಣುತ್ತದೆ. ಗಾಡಿ ಕಣ್ಣಿಗೆ ಬೀಳುವ ಎಷ್ಟೋ ಹೊತ್ತು ಮೊದಲೇ ಅದರ ಸದ್ದು ಕೇಳುವುದರಿಂದ ಸಿದ್ಧತೆಗೆ ಸಮಯ ಸಿಗುತ್ತದೆ. ಎರಡು ಸಿಲಿಂಡರಿನ ಬ್ಲ್ಯಾಕ್ ಫೈವ್ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಸಿರುಬಿಡುತ್ತದೆ, 1937ರ ‘ಸರ್ ನೈಜೆಲ್ ಗ್ರೆಸ್ಲಿ’ಯಂತಹ ಮೂರು ಸಿಲಿಂಡರಿನದು ಆರು ಸಲ. ಕಿವಿ ಪಳಗಿದರೆ ಬರುತ್ತಿರುವುದು ಯಾವ ಬಗೆಯ ಎಂಜಿನ್, ಚಾಲಕರು ಎಷ್ಟು ಬಲವಾಗಿ ದುಡಿಸುತ್ತಿದ್ದಾರೆ ಎಂಬುದು ಕಾಣುವ ಮೊದಲೇ ತಿಳಿಯುತ್ತದೆ.

ಮೂರ್‌ಗೇಟ್ಸ್‌ನಿಂದ ಫೆನ್ ಬಾಗ್‌ವರೆಗಿನದು ನಿಜವಾದ ಬಯಲು. ಮರಗಳ ಕಾಟವಿಲ್ಲ, ಆಕಾಶ ವಿಶಾಲ, ಗಾಡಿಯ ಉದ್ದಕ್ಕೂ ಅಡ್ಡಿಯಿಲ್ಲ. ಫೆನ್ ಬಾಗ್ ಹೆಸರೇ ಸೂಚಿಸುವಂತೆ ಜವುಗುನೆಲ. ಸ್ಟೀಫನ್‌ಸನ್ ಕಾಲದಲ್ಲಿ ಹಳಿ ಹೂತುಹೋಗದಿರಲೆಂದು ಕುರಿಯ ತುಪ್ಪಟದಲ್ಲಿ ಹೀದರ್ ತುಂಬಿ, ಮರದ ದಿಮ್ಮಿಗಳೊಂದಿಗೆ ಕೆಳಗೆ ಹಾಸಿದ್ದರಂತೆ. ಈಗ ಅದು ಯಾರ್ಕ್‌ಷೈರ್ ವೈಲ್ಡ್‌ಲೈಫ್ ಟ್ರಸ್ಟಿನ ಸಂರಕ್ಷಿತ ತಾಣ, ದಾರಿ ಬಿಟ್ಟು ಜವುಗಿಗೆ ಇಳಿಯಬಾರದು, ಇಳಿದರೆ ಮೊಣಕಾಲಿನವರೆಗೆ ಒದ್ದೆಯಾಗುವುದಂತೂ ಖಂಡಿತ. ಈ ಭಾಗದಲ್ಲಿ ಕೆಲವು ಕೋನಗಳಿಂದ ಫೈಲಿಂಗ್‌ಡೇಲ್ಸ್ ವಾಯುಪಡೆ ನೆಲೆಯ ರಾಡಾರ್ ಪಿರಮಿಡ್ ದಿಗಂತದಲ್ಲಿ ಎದ್ದು ಕಾಣುತ್ತದೆ. ಬಹಳ ಜನ ಅದನ್ನು ಚೌಕಟ್ಟಿನಿಂದ ಹೊರಗಿಡಲು ಹೆಣಗುತ್ತಾರೆ. ಉಗಿಬಂಡಿಯೂ ಕ್ಷಿಪಣಿ ಎಚ್ಚರಿಕೆಯ ರಾಡಾರೂ ಒಂದೇ ಬಯಲಿನಲ್ಲಿರುವುದು ಈ ಸ್ಥಳದ ಸತ್ಯವಾದ್ದರಿಂದ, ನಾನು ಒಂದಾದರೂ ಚಿತ್ರದಲ್ಲಿ ಅದನ್ನು ಉಳಿಸಿಕೊಳ್ಳುತ್ತೇನೆ.

ಮೂರನೆಯದು ಸ್ಕೆಲ್ಟನ್ ಟವರ್: ಲೆವಿಶಮ್ ಮೂರ್ ಅಂಚಿನಲ್ಲಿ, ನ್ಯೂಟನ್‌ಡೇಲ್ ಕಣಿವೆಯ ಪೂರ್ವದ ನೆತ್ತಿಯಲ್ಲಿರುವ ಹತ್ತೊಂಬತ್ತನೆಯ ಶತಮಾನದ ಪಾಳುಕಟ್ಟಡ. ಎ169 ರಸ್ತೆಯ ಹೋಲ್ ಆಫ್ ಹಾರ್ಕಮ್ ವಾಹನ ನಿಲುಗಡೆಯಿಂದ ಬಯಲಿನ ಮೇಲೆ ನಡೆದುಹೋಗಬೇಕು. ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್, ಪಿಕರಿಂಗ್ ಮೇಲೆ ವಿಟ್ಬಿಗೆ ಹೋಗುವ 840 ಸಂಖ್ಯೆಯ ಬಸ್ಸು ಇದೇ ರಸ್ತೆ ಹಿಡಿಯುತ್ತದೆ. ಟವರಿನ ಬಳಿ ನಿಂತಾಗ ನೋಟ ಪಶ್ಚಿಮಕ್ಕೆ, ಆಳಕ್ಕೆ. ಬೆಳಿಗ್ಗೆ ಬೇಗ ಹೋದರೆ ನೀವು ನಿಂತ ಬೆಟ್ಟದ ನೆರಳೇ ಹಳಿಯನ್ನು ಮುಚ್ಚಿರುತ್ತದೆ, ತಡವಾಗಿ ಹೋದರೆ ಸೂರ್ಯ ಎದುರಿಗೆ ಬರುತ್ತಾನೆ. ಬೆಳಗಿನ ಉತ್ತರಾರ್ಧವೇ ಸರಿಯಾದ ಹೊತ್ತು. ಇಲ್ಲಿ ಗಾಡಿಗಿಂತ ಕಣಿವೆಯೇ ದೊಡ್ಡದು, ಹಾಗೆಯೇ ಇರಲಿ.

ಅಷ್ಟು ದೂರಕ್ಕೆ ಯಾವ ಲೆನ್ಸ್ ಎಂಬುದನ್ನು ಲೆಕ್ಕದಿಂದಲೇ ಹೇಳಬಹುದು. ಈ ಗಾಡಿಗಳಲ್ಲಿ ಸಾಮಾನ್ಯವಾಗಿರುವ ಹಳೆಯ ಮಾರ್ಕ್ 1 ಬೋಗಿಯೊಂದು ಸುಮಾರು 20 ಮೀಟರ್; ಆರು ಬೋಗಿ, ಎಂಜಿನ್, ಟೆಂಡರ್ ಸೇರಿ ಸುಮಾರು 140 ಮೀಟರ್ ಉದ್ದವೆನ್ನಿ. ನಿಮ್ಮ ಕ್ಯಾಮೆರಾದ ಸಂವೇದಕದ ಅಗಲ 36 ಮಿ.ಮೀ. ಇರುವುದರಿಂದ, 800 ಮೀಟರ್ ದೂರದಲ್ಲಿ 200 ಮಿ.ಮೀ. ಲೆನ್ಸಿನ ಚೌಕಟ್ಟಿಗೆ 144 ಮೀಟರ್ ಅಗಲ ಸಿಗುತ್ತದೆ, ಎಂದರೆ ಅಡ್ಡಲಾಗಿ ಹೋಗುವ ಗಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಬಿಬಿಡುತ್ತದೆ. 100 ಮಿ.ಮೀ.ನಲ್ಲಿ 288 ಮೀಟರ್, ಗಾಡಿ ಅರ್ಧ ಚೌಕಟ್ಟು, 70 ಮಿ.ಮೀ.ನಲ್ಲಿ 411 ಮೀಟರ್, ಗಾಡಿ ಮೂರನೆಯ ಒಂದು ಭಾಗ. ಬಯಲಿನ ಚಿತ್ರಕ್ಕೆ ಈ ಮೂರನೆಯ ಒಂದು ಭಾಗ, ಅದಕ್ಕಿಂತ ಕಡಿಮೆಯೂ ಆದೀತು, ನನ್ನ ಮೆಚ್ಚಿನ ಅಳತೆ. ಗಾಡಿಯ ಹಿಂದೆ ಉಗಿ ಎಳೆದುಕೊಂಡು ಬರುವ ಜಾಗವನ್ನೂ ಮುಂದೆ ಅದು ಹೋಗಬೇಕಾದ ಜಾಗವನ್ನೂ ಮೊದಲೇ ಬಿಟ್ಟುಕೊಂಡು ಚೌಕಟ್ಟನ್ನು ಕಟ್ಟಿ, ಗಾಡಿ ಬಂದಾಗ ಜೂಮ್ ತಿರುಗಿಸುವ ಚಪಲವನ್ನು ತಡೆದುಕೊಳ್ಳಿ.

ಷಟರ್ ವೇಗದ ಬಗ್ಗೆ ಆತಂಕ ಬೇಕಾಗಿಲ್ಲ. ಬ್ರಿಟನ್ನಿನ ಪಾರಂಪರಿಕ ರೈಲುಗಳ ಗರಿಷ್ಠ ವೇಗ ಸಾಮಾನ್ಯವಾಗಿ ಗಂಟೆಗೆ 25 ಮೈಲಿ, ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಏರಿನಲ್ಲಿ ಅದಕ್ಕಿಂತಲೂ ನಿಧಾನ. ಚಕ್ರದ ಮೇಲಂಚು ಮಾತ್ರ ಗಾಡಿಯ ಎರಡರಷ್ಟು ವೇಗದಲ್ಲಿ ಚಲಿಸುತ್ತದೆ, 1/500 ಸೆಕೆಂಡಿನಲ್ಲಿ 4 ಸೆಂಟಿಮೀಟರಿಗೂ ಹೆಚ್ಚು. ಬೆಟ್ಟದ ಮೇಲಿನಿಂದ ಅದು ಗೊತ್ತೇ ಆಗುವುದಿಲ್ಲ, 1/250 ಸಹ ಸಾಕು. ಇಪ್ಪತ್ತು ಮೀಟರ್ ಹತ್ತಿರದಿಂದ ಮಗ್ಗುಲನ್ನು ತೆಗೆಯುವಾಗ 1/1000ಕ್ಕೆ ಏರಿಸಿ. ಇಲ್ಲವೇ 1/30ರಿಂದ 1/60ರ ನಡುವೆ ಇಟ್ಟು ಗಾಡಿಯೊಂದಿಗೇ ಕ್ಯಾಮೆರಾ ತಿರುಗಿಸಿ, ಹೀದರ್ ಬಣ್ಣದ ಗೆರೆಗಳಾಗಿ ಹರಿಯಲಿ.

ಎಕ್ಸ್‌ಪೋಷರಿನಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ. ಗಾಡಿ ಬರುವ ಮೊದಲು ಕಂದು ಬಯಲನ್ನು ನೋಡಿ ಕ್ಯಾಮೆರಾ ಅಳೆದ ಬೆಳಕು, ಬಿಸಿಲು ಬಿದ್ದ ಬಿಳಿ ಉಗಿ ಬಂದಾಗ ಹೆಚ್ಚಾಗಿಬಿಡುತ್ತದೆ. ಒಮ್ಮೆ ಬಿಳಿಚಿಹೋದ ಉಗಿಯನ್ನು ಯಾವ ತಂತ್ರಾಂಶವೂ ಮರಳಿಸುವುದಿಲ್ಲ, ಕಪ್ಪು ಎಂಜಿನ್ನಿನ ನೆರಳನ್ನಾದರೋ ರಾ ಕಡತದಿಂದ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಧಾರಾಳವಾಗಿ ಮೇಲೆತ್ತಬಹುದು. ಆದ್ದರಿಂದ ಮ್ಯಾನುಯಲ್‌ನಲ್ಲಿಟ್ಟು, ಬಿಸಿಲು ಬಿದ್ದ ಬಿಳಿ ಮೋಡವನ್ನೋ ಹಿಂದಿನ ಗಾಡಿಯ ಉಗಿಯನ್ನೋ ಆಧಾರವಾಗಿಟ್ಟುಕೊಂಡು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲತುದಿ ಮುಟ್ಟದಂತೆ ನಿಲ್ಲಿಸಿ. ಹೀದರಿನ ನೇರಳೆಯನ್ನು ಕ್ಯಾಮೆರಾಗಳು ನೀಲಿಯ ಕಡೆಗೆ ಎಳೆಯುವುದುಂಟು. ವೈಟ್ ಬ್ಯಾಲೆನ್ಸನ್ನು ಹಗಲುಬೆಳಕಿಗೆ ಕಟ್ಟಿಹಾಕಿ, ಆಮೇಲೆ ಬಣ್ಣ ಹೆಚ್ಚಿಸುವ ಕೈಯನ್ನು ಹಿಡಿತದಲ್ಲಿಡಿ. ಪೋಲರೈಸರ್ ಫಿಲ್ಟರ್ ಎಲೆಗಳ ಹೊಳಪನ್ನು ಕಳೆದು ಬಣ್ಣ ತುಂಬುತ್ತದೆ, ಜೊತೆಗೆ ಎಂಜಿನ್ನಿನ ಮೈಮೇಲಿನ ಮಿನುಗನ್ನೂ ಕಳೆಯುತ್ತದೆ. ಗಾಡಿ ಚಿಕ್ಕದಾಗಿರುವ ಚಿತ್ರಕ್ಕೆ ಮಾತ್ರ ಅದನ್ನು ಹಾಕಿ.

ಕೊನೆಯದಾಗಿ ಅನುಮತಿ ಮತ್ತು ಡ್ರೋನ್. ಮೇಲೆ ಹೇಳಿದ ಮೂರೂ ಕಡೆ ಸಾರ್ವಜನಿಕ ಕಾಲುದಾರಿಗಳಿಂದಲೇ ಚಿತ್ರ ತೆಗೆಯಬಹುದು. ಇಂಗ್ಲೆಂಡಿನಲ್ಲಿ 2000ದ ಕಾಯಿದೆಯ ಪ್ರಕಾರ ನಕ್ಷೆಯಲ್ಲಿ ಮುಕ್ತ ಪ್ರವೇಶದ ನೆಲವೆಂದು ಗುರುತಿಸಿದ ಬಯಲಿನಲ್ಲಿ ದಾರಿ ಬಿಟ್ಟು ನಡೆಯುವ ಹಕ್ಕೂ ಇದೆ. ಬೇಲಿಯ ಒಳಗಿನ ರೈಲ್ವೆ ಜಾಗ ಮಾತ್ರ ಬೇರೆ, ರೈಲ್ವೆಯವರ ಹಳಿಯಂಚಿನ ಪರವಾನಗಿಯಿಲ್ಲದೆ ಕಾಲಿಡುವುದು ಅಪರಾಧ. ಊರಿನಲ್ಲಿ ಹಳಿ ದಾಟಿ ನಡೆದ ಅಭ್ಯಾಸವಿದ್ದರೆ ಅದನ್ನು ಅಲ್ಲಿ ಸಂಪೂರ್ಣ ಮರೆಯಿರಿ. ನಿಮ್ಮನ್ನು ಕಂಡು ಚಾಲಕರು ಬ್ರೇಕ್ ಹಾಕಿದರೆ 49ಕ್ಕೆ 1ರ ಏರಿನಲ್ಲಿ ಆ ಗಾಡಿಯನ್ನು ಮತ್ತೆ ಹೊರಡಿಸುವುದು ಅವರಿಗೆ ದೊಡ್ಡ ಶ್ರಮ. ಡ್ರೋನ್ ಕೊಳ್ಳಬೇಡಿ ಎನ್ನುತ್ತೇನೆ. ಹಾರಿಸಲು ನೋಂದಣಿ, 120 ಮೀಟರ್ ಎತ್ತರದ ಮಿತಿ, ಜಾಗದ ಒಡೆಯರ ಒಪ್ಪಿಗೆ ಎಂಬ ನಿಯಮಗಳಷ್ಟೇ ಇದಕ್ಕೆ ಕಾರಣವಲ್ಲ. ಮಾರ್ಚ್‌ನಿಂದ ಜುಲೈವರೆಗೆ ಈ ಬಯಲಿನ ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ, ಮುಕ್ತ ಪ್ರವೇಶದ ನೆಲದಲ್ಲಿ ಆಗ ನಾಯಿಗಳನ್ನು ಸಹ ಹಗ್ಗದಲ್ಲಿಯೇ ಹಿಡಿದಿರಬೇಕು. ಅದಕ್ಕೂ ಮಿಗಿಲಾಗಿ, ನೇರ ಮೇಲಿನಿಂದ ನೋಡಿದಾಗ ಉಗಿಯ ಎತ್ತರವೂ ಏರಿನ ಕಡಿದುತನವೂ ಎರಡೂ ಅಳಿಸಿಹೋಗಿ, ಗಾಡಿ ಹಸಿರಿನ ಮೇಲಿನ ಒಂದು ಗೆರೆಯಾಗುತ್ತದೆ. ಆ ಹಣದಲ್ಲಿ ನೀರು ಒಳಗೆ ಬಾರದ ಒಳ್ಳೆಯ ಬೂಟುಗಳನ್ನೂ ಆ ಪ್ರದೇಶದ 1:25,000 ಅಳತೆಯ ಆರ್ಡ್‌ನೆನ್ಸ್ ಸರ್ವೆ ನಕ್ಷೆಯನ್ನೂ ಕೊಂಡು, ಉಳಿದದ್ದನ್ನು ಅಕ್ಟೋಬರ್ ತಿಂಗಳ ಟಿಕೆಟ್ಟಿಗೆ ಇಟ್ಟುಕೊಳ್ಳಿ.